ಕ್ಷೌರದಂಗಡಿಯ ಎರಡನೇ ಕುರ್ಚಿ

ಜೀವಮಾನವೆಲ್ಲ ನಿಂತೇ ಕ್ಷೌರ ಮಾಡಿದವನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿ ಗಂಟುಗಟ್ಟಿದ್ದವು. ಡಾಕ್ಟರು ಕೊಯ್ಯಲಿಲ್ಲ, ಸೂಜಿಯಷ್ಟು ತೂತಿನಲ್ಲಿ ಲೇಸರ್ ಬಿಟ್ಟು ನರ ಮುಚ್ಚಿ, ಸಂಜೆಗೇ ನಡೆಸಿಯೇ ಮನೆಗೆ ಕಳಿಸಿದರು.

"ಗಿರಾಕಿ ಇಲ್ಲದಾಗ ಕೂರಬೇಕಪ್ಪ. ಇಲ್ಲದಿದ್ದರೆ ಇನ್ನೊಂದು ನರ ಉಬ್ಬಿ ಹುಣ್ಣಾಗುತ್ತೆ" ಅಂದರು.

ಮರುವಾರ ಅಂಗಡಿ ಬಾಗಿಲು ತೆಗೆಯುವಾಗ ಹೆಂಡತಿಯೂ ಜೊತೆಗೆ ಬಂದಳು.

"ಆ ಮೂಲೆ ಕುರ್ಚಿ ಯಾವಾಗಲೂ ಖಾಲಿ. ಕೂತ್ಕೊಳ್ಳಿ."

"ಅಪ್ಪ ಕೂತಿದ್ದಾರಲ್ಲೇ."

"ಮಾವ ಸತ್ತು ಎಷ್ಟು ಕಾಲ ಆಯ್ತು? ನಿಮ್ಮ ಕಾಲು ಹೋದ್ರೆ ಅವರು ಬಂದು ಕತ್ತರಿ ಹಿಡೀತಾರಾ?"

ಅವನು ನಿಂತೇ ಇದ್ದ. ಅವಳು ಹಟಕ್ಕೆ ಬಿದ್ದು ತಾನೇ ಹೋಗಿ ಕೂತಳು.

ವಾರದಿಂದ ಮುಚ್ಚಿದ್ದ ಅಂಗಡಿಯ ಆ ಕುರ್ಚಿ, ಆಗತಾನೇ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು.