ಚಿಲಕ ಹಾಕಿ ಮಾಡಿದ ಸಿಹಿ

ಮುನಿರತ್ನ ಅಡುಗೆಮನೆಯ ಬಾಗಿಲು ತಳ್ಳಿ ಒಳಗಿನಿಂದ ಚಿಲಕ ಹಾಕಿದಳು. ಅವಳು ಸೊಸೆಯಾಗಿ ಬಂದ ಮೇಲೆ ಆ ಚಿಲಕ ಬಿದ್ದದ್ದು ಇದೇ ಮೊದಲು.

ಹೊರಗೆ ಅತ್ತೆ ಕೊಂಡಮ್ಮನ ಹೆಜ್ಜೆ ಸಪ್ಪಳ ನಿಂತಿತು.

"ರತ್ನಾ, ಬಾಗ್ಲು ಯಾಕಮ್ಮ ಹಾಕ್ಕೊಂಡೆ?"

"ಬೆಕ್ಕು ಬತ್ತದೆ ಅತ್ತೆ."

"ನಾನಿದೀನಲ್ಲ, ಓಡಿಸ್ತೀನಿ. ತೆಗಿ."

"ಬ್ಯಾಡ. ನಾನೇ ನೋಡ್ಕತೀನಿ."

ಬೆಕ್ಕಿನ ಮಾತು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅತ್ತೆಯ ಈ ಕಾವಲು ಶುರುವಾಗಿ ವರ್ಷವಾಗುತ್ತಾ ಬಂದಿತ್ತು. ಸಾರು ಕುದಿಯುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವಳು. ಹಸುವಿಗೆ ನೀರಿಟ್ಟೆಯಾ ನೋಡು, ಒಣಗಿದ ಬಟ್ಟೆ ಎತ್ತಿಕೊಂಡು ಬಾ ಎಂದು ಏನಾದರೊಂದು ನೆಪ ಹೇಳಿ ಸೊಸೆಯನ್ನು ಹೊರಗೆ ಅಟ್ಟುವಳು. ಮುನಿರತ್ನ ತಿರುಗಿ ಬರುವಷ್ಟರಲ್ಲಿ ಪಾತ್ರೆಯ ಮುಚ್ಚಳ ಬೇರೆ ಥರ ಕೂತಿರುತ್ತಿತ್ತು, ಸೌಟು ಒದ್ದೆಯಾಗಿರುತ್ತಿತ್ತು. ಒಮ್ಮೆ ಹಾಲು ಸೀದಾಗ ನಡುಮನೆಯಿಂದ ಓಡಿಬಂದು ಒಲೆ ಆರಿಸಿ, ಒಂದು ಮಾತೂ ಆಡದೆ ಹೋಗಿದ್ದಳು. ಬೈದಿದ್ದರೆ ವಾಸಿಯಿತ್ತು. ನನ್ನ ಸೊಸೆಯ ಕೈರುಚಿ ಯಾರಿಗೂ ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ ಹೆಂಗಸು ಇವಳೇ. ಈಗ ತಪ್ಪು ಹುಡುಕುತ್ತಿದ್ದಾಳೆ.

ಹುಡುಕಿದರೆ ಸಿಗುವಂಥ ತಪ್ಪೂ ಇತ್ತು. ಹೋದ ವರ್ಷದ ಜ್ವರ ಇಳಿದ ಮೇಲೆ ಮುನಿರತ್ನಳ ಮೂಗಿಗೆ ವಾಸನೆಯಿಲ್ಲ, ನಾಲಿಗೆಗೆ ರುಚಿಯಿಲ್ಲ. ಹುಣಸೆಯೂ ಬೆಲ್ಲವೂ ಬಾಯಲ್ಲಿ ನೆನೆದ ಕಾಗದದಂತೆ. ಯಾರಿಗೂ ಹೇಳಲಿಲ್ಲ. ರುಚಿಯ ಬೆನ್ನ ಹಿಂದೆಯೇ ಖುಷಿ, ಭಯ, ಬೇಸರಗಳೂ ಒಂದೊಂದಾಗಿ ಹೊರಟುಹೋದವು. ಗಂಡ ನಾರಾಯಣಸ್ವಾಮಿ ಸೂಳಗಿರಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆದಾಗ ನಕ್ಕಳು. ನಗಬೇಕೆಂದು ಗೊತ್ತಿತ್ತು, ಅಷ್ಟಕ್ಕೆ. ಉಪ್ಪು ಖಾರವನ್ನೆಲ್ಲ ಕಣ್ಣಂದಾಜಿನ ಮೇಲೆ ಹಾಕುತ್ತಾ ಬಂದಳು. ಊಟಕ್ಕೆ ಕೂತವರು ಯಾರೂ ಒಂದು ದಿನವೂ ಏನೂ ಅನ್ನಲಿಲ್ಲ. ಕೈಗಾದರೂ ಹಳೆಯ ಅಭ್ಯಾಸ ಉಳಿದಿದೆ ಎಂದುಕೊಂಡಳು.

ಮೊನ್ನೆ ಹಿತ್ತಲಲ್ಲಿ ತಾಯಿ ಮಗ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು.

"ಇನ್ನೂ ಎಷ್ಟ್ ದಿನಾಂತ ಹಿಂಗೇ ನಡೆಸ್ತೀಯಮ್ಮ?"

"ನಡೆಯೋಗಂಟ ನಡೀಲಿ. ಅವಳಿಗೆ ಗೊತ್ತಾಗ್ಬಾರ್ದು, ಅಷ್ಟೇ ಕಣ್ಲಾ."

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಒಲೆ ಬಿಡಿಸುತ್ತಾರೆ, ಇಲ್ಲವೇ ತಳಿ ಊರಿನ ತವರುಮನೆಗೆ ಕಳಿಸುತ್ತಾರೆ ಎಂದು ಬೇರೆ ಯಾರದೋ ಮನೆಯ ವಿಷಯದಂತೆ ಯೋಚಿಸಿದಳು. ಆದರೂ ಹೋಗುವ ಮೊದಲು ಒಂದು ಸಲ ತನ್ನ ಕೈರುಚಿ ಏನೆಂದು ತೋರಿಸಿಬಿಡಬೇಕು ಎನಿಸಿತು. ಅತ್ತೆ ಕೈಯಾಡಿಸಲಾಗದಂಥ ಅಡುಗೆ ಬೇಕಿತ್ತು. ಮಗಳು ದಿವ್ಯ ಫೋನಿನಲ್ಲಿ ತೋರಿಸಿ ಆಸೆಪಟ್ಟಿದ್ದ ಕ್ರಂಬಲ್ ನೆನಪಾಯಿತು. ಕೆಳಗೆ ಹಣ್ಣು, ಮೇಲೆ ಬೆಣ್ಣೆಯಲ್ಲಿ ಉದುರಿಸಿದ ಹಿಟ್ಟು. ಒಮ್ಮೆ ಬೇಯಲು ಇಟ್ಟರೆ ಯಾರೂ ಸೌಟು ಹಾಕುವಂತಿಲ್ಲ.

ಸೇಂದೂರ ಮಾವಿನ ಹಣ್ಣುಗಳನ್ನು ಹೆಚ್ಚಿ ಅಲ್ಯುಮಿನಿಯಂ ತಟ್ಟೆಗೆ ಹರಡಿದಳು. ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಬಟ್ಟಲಿಗೆ ಸುರಿದಳು. ಮನೆಯಲ್ಲಿ ಓವನ್ ಇರಲಿಲ್ಲ. ವಿಡಿಯೋದಲ್ಲಿ ಹೇಳಿದಂತೆ ಹಳೆಯ ಕುಕ್ಕರಿನ ತಳಕ್ಕೆ ಪುಡಿಉಪ್ಪು ಹಾಸಿ ಕಾಯಲು ಇಟ್ಟಳು. ಮಿಕ್ಕ ಉಪ್ಪನ್ನು ಇನ್ನೊಂದು ಬಟ್ಟಲಲ್ಲಿ ಪಕ್ಕಕ್ಕಿಟ್ಟಳು. ಮೈದಾಹಿಟ್ಟಿಗೆ ಬೆಣ್ಣೆ ಹಾಕಿ, ಬಟ್ಟಲಿನ ಬಿಳಿ ಪುಡಿಯನ್ನು ಚಮಚದಲ್ಲಿ ಬೆರೆಸಿ, ಬೆರಳ ತುದಿಯಲ್ಲಿ ಉಜ್ಜಿದಳು. ಹಿಟ್ಟು ಹರಳು ಹರಳಾಗಿ ಉದುರಿತು. ಹಣ್ಣಿನ ಮೇಲೆ ಹರಡಿ ಕುಕ್ಕರಿನೊಳಗೆ ಇಳಿಸಿದಳು.

"ಏನೇನ್ ಹಾಕ್ದೆ ರತ್ನಾ?" ಕೊಂಡಮ್ಮ ಬಾಗಿಲ ಬಳಿಯೇ ಇದ್ದಳು.

"ಹಾಕ್ಬೇಕಾದ್ದು."

"ಬೆಂದ್ಮೇಲೆ ಮುಚ್ಚಳ ತೆಗೆದು ಹೆಚ್ಚು ಕಮ್ಮಿ ಸರಿಮಾಡೋಕಾಗಲ್ವ?"

"ಆಗಲ್ಲ. ಅದುಕ್ಕೇ ಇದನ್ನ ಮಾಡ್ತಿರೋದು."

ಕೊಂಡಮ್ಮ ಬಾಗಿಲಿಗೆ ಒರಗಿ ಅಲ್ಲೇ ಕೂತ ಸಪ್ಪಳ ಕೇಳಿಸಿತು.

ಸಂಜೆ ನಾರಾಯಣಸ್ವಾಮಿ ಕೆಲಸದಿಂದ ಬಂದ ಮೇಲೆ ನಡುಮನೆಯಲ್ಲಿ ಎಲ್ಲರಿಗೂ ಬಡಿಸಿದಳು. ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಮಾವಿನ ರಸ ಉಕ್ಕಿ ನಿಂತಿತ್ತು. ನೋಡಲು ಫೋನಿನಲ್ಲಿ ಕಂಡಂತೆಯೇ ಇತ್ತು. ಗಂಡ ಮೊದಲ ಚಮಚ ಬಾಯಿಗಿಟ್ಟು ಒಂದು ಗಳಿಗೆ ತಡೆದ. ಆಮೇಲೆ ನುಂಗಿದ.

"ಚೆನ್ನಾಗೈತೆ."

ದಿವ್ಯ ತಲೆ ಎತ್ತದೆ ತಿಂದಳು. ಕೊಂಡಮ್ಮ ಬಟ್ಟಲು ಮುಂದೆ ಚಾಚಿದಳು. "ನಂಗಿನ್ನೊಂಚೂರು ಹಾಕಮ್ಮ."

ಮುನಿರತ್ನಳೂ ಒಂದು ಚಮಚ ತಿಂದಳು. ಎಂದಿನ ಹಾಗೆಯೇ ಏನೂ ತಿಳಿಯಲಿಲ್ಲ. ಗೆದ್ದೆ ಎಂದು ಖುಷಿಯಾಗಬೇಕಿತ್ತು. ಅದೂ ಆಗಲಿಲ್ಲ. ಸಣ್ಣ ಬಟ್ಟಲಿಗೆ ಒಂದಿಷ್ಟು ಹಾಕಿಕೊಂಡು ಎದ್ದಳು.

"ಎಲ್ಲಿಗೆ?" ಕೊಂಡಮ್ಮನೂ ಎದ್ದಳು.

"ಪಕ್ಕದ್ಮನೆ ಶಾಂತಿಗೆ."

"ಅವ್ಳಿಗ್ಯಾಕೆ? ನಮಗೇ ಸಾಲ್ದು."

"ಇಲ್ಲಿ ಕೊಡು, ನಾನ್ ತಿಂತೀನಿ," ನಾರಾಯಣಸ್ವಾಮಿ ಕೈ ಚಾಚಿದ.

ಹೊರಗಿನವರು ಹೊಗಳುವುದು ಕೂಡ ಇವರಿಗೆ ಬೇಡವಾಯಿತು. ಮುನಿರತ್ನ ಚಪ್ಪಲಿ ಹಾಕದೆಯೇ ನಡೆದಳು.

ಶಾಂತಿ ತನ್ನ ಬಾಗಿಲಲ್ಲಿ ನಿಂತೇ ಒಂದು ಚಮಚ ತಿಂದಳು. ಮರುಕ್ಷಣ ಓಡಿಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದಳು.

"ತಪ್ಪು ತಿಳ್ಕೋಬ್ಯಾಡಿ ಅಕ್ಕಾ. ಸಕ್ಕರೆ ಅಂತ ಉಪ್ಪು ಹಾಕ್ಬುಟ್ಟಿದೀರ. ಬಾಯಿಗಿಡೋಕಾಗಲ್ಲ." ಸೆರಗಿನಿಂದ ತುಟಿ ಒರೆಸಿಕೊಂಡಳು. "ಇವತ್ತು ನಿಮ್ಮತ್ತೆ ನೋಡ್ಲಿಲ್ವಾ? ದಿನಾ ನೀವು ಆಚೆ ಬಂದ್ರೆ ಅವ್ರು ಸಾರು ಬಾಯಿಗ್ ಹಾಕ್ಕೊಂಡು ಉಪ್ಪೋ ನೀರೋ ಸೇರಿಸಿ ಸರಿಮಾಡ್ತಾರೆ. ನಮ್ ಕಿಟಕೀಲಿ ಕಾಣ್ತದೆ. ನೀವೇ ಹೇಳಿರ್ತೀರ ಅಂದ್ಕೊಂಡಿದ್ದೆ."

ಮುನಿರತ್ನ ತಿರುಗಿ ನೋಡಿದಳು.

ತೆರೆದ ಬಾಗಿಲಿನಾಚೆ ನಡುಮನೆಯಲ್ಲಿ ಅತ್ತೆ, ಗಂಡ, ಮಗಳು ಮೂವರೂ ತಟ್ಟೆಯನ್ನು ನಡುವೆ ಎಳೆದುಕೊಂಡು, ಅವಳು ತಿರುಗಿ ಬರುವಷ್ಟರಲ್ಲಿ ಮುಗಿಸಿಬಿಡಬೇಕೆಂಬಂತೆ, ಉಳಿದದ್ದನ್ನೆಲ್ಲ ಗಬಗಬನೆ ತಿನ್ನುತ್ತಿದ್ದರು.