ಸುಳ್ಳು ಅಪಾಯ

ನೀರಿನಡಿಯಲ್ಲಿ ತ್ರುಗ್ವೆಯ ಬಾಯಲ್ಲಿದ್ದ ಉಸಿರಾಟದ ಕೊಳವೆಯಿಂದ ಗಾಳಿ ಭುಸಭುಸನೆ ಹೊರನುಗ್ಗಿ, ಗುಳ್ಳೆಗಳ ಹಿಂದೆ ಅವನ ಮುಖವೇ ಕಾಣದಂತಾದಾಗ ಸಿನ್ನೆಗೆ ನಗು ಬಂತು. ಶುರುವಾಯಿತು ಇವನ ನಾಟಕ, ಅಂದುಕೊಂಡಳು.

ಡೈವಿಂಗ್ ಗೈಡ್ ಆಗಲು ಹೊರಟವಳಿಗೆ ಚಳಿಗಾಲವಿಡೀ ಇದೇ ಪಾಠ. ಮೂವರು ಗುರುಗಳು ಸರದಿಯ ಮೇಲೆ ಅವಳೊಡನೆ ಫಿಯೋರ್ಡ್ ಎಂಬ ಕಡಲತೋಳಿನ ಕೊರೆಯುವ ನೀರಿಗಿಳಿದು, ಆಪತ್ತಿಗೆ ಸಿಕ್ಕವರಂತೆ ನಟಿಸುವುದು. ಅವಳು ಅವರನ್ನು ಕಾಪಾಡುವುದು. ಆಸ್ಗೇರ್ ಸತ್ತವನ ಹಾಗೆ ಬಿದ್ದುಕೊಳ್ಳುತ್ತಿದ್ದ. ಬೋರ್ಗಿಲ್ಡ್ ಮೈಮೇಲೆರಗಿ ಸಿನ್ನೆಯ ಮಾಸ್ಕನ್ನೇ ಕಿತ್ತುಬಿಡುತ್ತಿದ್ದಳು. ತ್ರುಗ್ವೆಗೆ ಮಾತ್ರ ಈ ಗಾಳಿ ಸೋರಿಸುವ ಆಟವೇ ಇಷ್ಟ; ಕಳ್ಳನ ಹಾಗೆ ಕೊಳವೆಯ ಗುಂಡಿ ಒತ್ತುತ್ತಿದ್ದ.

ಸಿನ್ನೆಯ ತಲೆ ತಿನ್ನುತ್ತಿದ್ದುದು ಒಂದೇ ಪ್ರಶ್ನೆ. ನಿಜವಾಗಿಯೂ ಹೀಗಾದರೆ ನನ್ನ ಕೈ ಆಡುತ್ತದೆಯೇ? ಅದು ತಿಳಿಯದೆ ತನ್ನನ್ನು ನಂಬಿದವರನ್ನು ನೀರಿಗಿಳಿಸುವುದಾದರೂ ಹೇಗೆ? ಮೂವರನ್ನೂ ಕೇಳಿದ್ದಳು.

"ಆದಾಗ್ಲೇ ಗೊತ್ತಾಗೋದು," ಎಂದಿದ್ದ ಆಸ್ಗೇರ್.

"ತಲೆಹರಟೆ ಬಿಟ್ಟು ಅಭ್ಯಾಸ ಮಾಡು," ಎಂದಿದ್ದಳು ಬೋರ್ಗಿಲ್ಡ್.

ತ್ರುಗ್ವೆಯಂತೂ ಬಿದ್ದು ಬಿದ್ದು ನಕ್ಕಿದ್ದ. "ನೀನು ಹುಟ್ಟೋಕ್ಮುಂಚಿಂದ ಕಲಿಸ್ತಿದೀನಿ ಹುಡುಗಿ. ಕೈ ತಾನಾಗೇ ಆಡುತ್ತೆ!"

ಈಗ ಅವಳು ಆತುರಪಡಲಿಲ್ಲ. ಎಲ್ಲ ಡೈವರ್‌ಗಳ ಎದೆಯ ಮೇಲೂ ಇರುವಂಥ ಹೆಚ್ಚುವರಿ ಕೊಳವೆಗಳಲ್ಲಿ ತನ್ನದನ್ನು ಅವನ ಬಾಯಿಗಿಟ್ಟು, ಅವನ ಸಿಲಿಂಡರಿನ ಎರಡು ತಿರುಪುಗಳಲ್ಲಿ ಸೋರುತ್ತಿದ್ದ ಕಡೆಯದನ್ನು ಮುಚ್ಚಿದಳು. ಭುಜ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನಿಧಾನವಾಗಿ ಮೇಲೇರತೊಡಗಿದಳು. ಅವನು ಅವಳ ತೋಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ಎಷ್ಟು ಆಡ್ತಾನಪ್ಪಾ ಇವನು ಎಂದು ಒಳಗೊಳಗೇ ರೇಗಿಕೊಂಡಳು.

ಮೇಲೆ ಬಂದವಳೇ ಮಾಸ್ಕ್ ಸರಿಸಿ, "ಇವತ್ತು ಸ್ವಲ್ಪ ಅತಿಯಾಯ್ತು ತ್ರುಗ್ವೆ. ಕಣ್ಣು ಅಷ್ಟಗಲ ಬಿಟ್ರೆ ಯಾರು ನಂಬ್ತಾರೆ? ನಿನಗಿಂತ ಆಸ್ಗೇರೇ ವಾಸಿ," ಎಂದಳು.

ತ್ರುಗ್ವೆ ದಡಕ್ಕೆ ಈಜಿ ಮೆಟ್ಟಿಲ ಮೇಲೆ ಕೂತ. ಕಾಫಿ ತಂದುಕೊಟ್ಟ ಬೋರ್ಗಿಲ್ಡ್ ಅವನ ಸಿಲಿಂಡರಿನ ಕಡೆ ಬಗ್ಗಿ ನೋಡಿದಳು. ಕೊಳವೆ ಕೂಡುವ ಕಡೆ ಬಿಳಿಯ ಮಂಜುಗಡ್ಡೆ ದಪ್ಪಗೆ ಕಟ್ಟಿತ್ತು.

"ಇದು ನಟನೆ ಅಲ್ಲ ಕಣೇ. ಚಳಿಗೆ ಹೆಪ್ಪುಗಟ್ಟಿ ಗಾಳಿ ತಾನಾಗೇ ಸೋರಿಬಿಟ್ಟಿದೆ."

ಸಿನ್ನೆ ಪೆಚ್ಚಾದಳು. "ನಾನು ನಾಟಕ ಅಂದ್ಕೊಂಡೇ ಮಾಡಿದ್ದು! ಹಾಗಾದ್ರೆ ನನ್ನ ಕೈ ಆಡುತ್ತೋ ಇಲ್ವೋ ಇನ್ನೂ ಗೊತ್ತಾಗ್ಲೇ ಇಲ್ವಲ್ಲ?"

ತ್ರುಗ್ವೆ ಲೋಟವನ್ನು ಮೆಟ್ಟಿಲ ಮೇಲಿಟ್ಟ.

"ನನ್ನ ಕೈ ಬಗ್ಗೆ ಗೊತ್ತಾಯ್ತು," ಎಂದ. "ಇನ್ನೊಂದು ಕೊಳವೆ ನನ್ನ ಎದೆ ಮೇಲೇ ಇತ್ತು."