೨೧೯ನೇ ಕಾರ್ಡು

"ಇನ್ನೂರಾ ಹತ್ತೊಂಬತ್ತು ಅಂತ ನಂಬರ್ ಹೇಳೀನಲ್ರೀ. ಮತ್ತ ಹೆಸರ್ಯಾಕ?" ಎಂದಳು ಶರಣಮ್ಮ.

ಲಿಯೋನೆಲ್ ಕಂಪ್ಯೂಟರನ್ನು ಅವಳ ಕಡೆಗೆ ತಿರುಗಿಸಿದ. ನಂಬರಿನ ಎದುರು ಹೆಸರಿರಲಿಲ್ಲ, ಪ್ರಶ್ನೆಚಿಹ್ನೆಗಳ ಸಾಲಿತ್ತು. ಕಾರ್ಕಳದ ಆ ಕಲ್ಲುಕೋರೆ ಕಾರ್ಮಿಕರ ಸಂಘದಲ್ಲಿ ನಾನೂರು ಮಂದಿಯ ಹೆಸರೂ ಹಾಗೆಯೇ ಆಗಿತ್ತು. ಪಟ್ಟಿಯ ಪ್ರೋಗ್ರಾಮ್ ಬರೆದವನು ಅವನೇ. ಅದರೊಳಗೆ ಬೇರೆ ಯಾರೋ ಬರೆದಿಟ್ಟ ಒಂದು ಸಿದ್ಧ ತುಣುಕು, 'ಲೈಬ್ರರಿ', ಇತ್ತು. ಕನ್ನಡ ಅಕ್ಷರಗಳನ್ನು ಕೊಟ್ಟರೆ ಕೊಟ್ಟ ಹಾಗೆ ಇಟ್ಟುಕೊಳ್ಳುತ್ತಿತ್ತು. ಹೋದ ವಾರ ಹಾಕಿದ ಹೊಸ ಲೈಬ್ರರಿ ಹಾಗಲ್ಲ, ಇವು ಯಾವ ಭಾಷೆಯ ಸಂಕೇತದ ಅಕ್ಷರಗಳೆಂದು ಮೊದಲು ಕೇಳುತ್ತದೆ. ಮೂರು ದಿನ ಗುದ್ದಾಡಿ ದಣಿದ ಲಿಯೋನೆಲ್, ಅದು ಒಮ್ಮೆ ಬಾಯಿ ಮುಚ್ಚಲಿ ಎಂದು ಇಂಗ್ಲಿಷ್ ಸಂಕೇತವನ್ನೇ ಉತ್ತರವಾಗಿ ಬರೆದು ಸೇವ್ ಮಾಡಿಬಿಟ್ಟ. ಅದು ತನಗೆ ಗುರುತಿಲ್ಲದ್ದನ್ನೆಲ್ಲ ಅಳಿಸಿ ಪ್ರಶ್ನೆಚಿಹ್ನೆ ಇಟ್ಟಿತು. ಬ್ಯಾಕಪ್ ಸಿಡಿ ಬರೆದದ್ದು ಅದರ ಮರುದಿನ, ಅದರಲ್ಲೂ ಪ್ರಶ್ನೆಚಿಹ್ನೆಗಳೇ. ಸದಸ್ಯರು ತುಂಬಿಕೊಟ್ಟ ಹಳೆಯ ಅರ್ಜಿಗಳು ಎಂದೋ ರದ್ದಿಗೆ ಹೋಗಿದ್ದವು.

ಶರಣಮ್ಮನ ಗಂಡ ಉಡುಪಿಯ ಒಂದು ನರ್ಸಿಂಗ್ ಹೋಮಿನಲ್ಲಿದ್ದ. ಕಲ್ಲು ಉರುಳಿ ಕಾಲು ಜಜ್ಜಿಹೋಗಿತ್ತು, ಚಿಕಿತ್ಸೆಯ ಖರ್ಚು ಕೊಡಿಸುವ ಸಂಘದ ಕಾರ್ಡು ಎಲ್ಲೋ ಬಿದ್ದುಹೋಗಿತ್ತು. ಸಂಜೆಯೊಳಗೆ ಕಾರ್ಡು ಕೊಟ್ಟರೆ ನಾಳೆ ಆಪರೇಶನ್. ತಡವಾದರೆ ಕಾಲು ಉಳಿಯುವುದು ಕಷ್ಟ.

"ಆಸ್ಪತ್ರೆಯಲ್ಲಿ ಹೆಸರು ಬರೆಸಿಲ್ವಾ?" ಎಂದ ಲಿಯೋನೆಲ್.

"ಮೇಸ್ತ್ರಿ ಬರೆಸ್ಯಾನ್ರೀ, ಬಿಜಾಪುರ ಅಂತ. ಅಂವ ನಮ್ಮನ್ನೆಲ್ಲಾ ಕರಿಯೂದು ಹಂಗ."

"ಹಾಗಾದ್ರೆ ನೀವೇ ಹೇಳಿ. ಎರಡು ನಿಮಿಷದ ಕೆಲಸ."

"ಗಂಡನ ಹೆಸರು ಬಾಯಾಗ ತಗೊಳ್ಳೂದಿಲ್ರೀ ನಾವು. ಅದೂ ಅವರು ಹಿಂಗ ಮಲಗಿದಾಗ."

"ಎಂತ ಮಾರಾಯ್ತಿ! ನನ್ನ ಹೆಂಡತಿ ದಿನಕ್ಕೆ ನೂರು ಸಲ ನನ್ನ ಹೆಸರು ಕರೀತಾಳೆ. ನನಗೆ ಎಂತ ಆಗಿದೆ?"

ಶರಣಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅದಕ್ಕ ಹಿಂಗ ಸೊರಗೀರಿ."

ಲಿಯೋನೆಲ್‌ಗೆ ನಗು ಬಂತು, ನಗಲು ತ್ರಾಣವಿರಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಹೊರಗೆ ಉಡುಪಿಯ ಬಸ್ಸಿನವನು ಕೂಗುತ್ತಿದ್ದ. ಅದನ್ನು ಕೇಳಿ ಶರಣಮ್ಮ ಗಡಬಡಿಸಿ ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ ಕೈಯನ್ನು ಮೇಜಿನ ಮೇಲಿಟ್ಟಳು. ಹಸಿರು ಹಚ್ಚೆಯಲ್ಲಿ 'ಸೋಮ' ಎಂದಿತ್ತು. ಮುಂದಿನದು ರೊಟ್ಟಿಯ ಕಾದ ಹಂಚು ತಗಲಿ ಸುಟ್ಟ ಕಲೆಯೊಳಗೆ ಹೋಗಿತ್ತು.

"ಸೋಮಪ್ಪನಾ?"

ಅವಳು ತಲೆಯಾಡಿಸಿದಳು, ಅಲ್ಲ.

"ಸೋಮಣ್ಣ?"

ಅಲ್ಲ.

"ಸೋಮಲಿಂಗ?"

ಅವಳು ಸೆರಗನ್ನು ತಲೆಯ ಮೇಲೆಳೆದುಕೊಂಡು ನೆಲ ನೋಡಿದಳು.

ಕಾರ್ಡು ಅಚ್ಚಾಗಿ ಬಂತು. ಓದು ಬಾರದ ಶರಣಮ್ಮ ಅದನ್ನು ಮುಂಗೈಯ ಪಕ್ಕಕ್ಕೆ ಹಿಡಿದು, ಕಾರ್ಡಿನದೊಂದು ಹಚ್ಚೆಯದೊಂದು ಎಂದು ಅಕ್ಷರಗಳನ್ನು ಬೆರಳಿನಿಂದ ಹೋಲಿಸತೊಡಗಿದಳು. ಸುಟ್ಟ ಕಲೆ ಬಂದಾಗ ಬೆರಳು ನಿಂತಿತು. ಅವಳು ಲಿಯೋನೆಲ್‌ನ ಮುಖ ನೋಡಿದಳು.

"ಇಲ್ಲಿಂದ ಮುಂದ ನಿಮ್ಮನ್ನ ನಂಬೀನ್ರೀ."